ಹನ್ನೊಂದನೇ ಬ್ಯಾಸಗಿ

ಶಿವರಾತ್ರಿ ಮುಗಿದ ಮರುದಿನ
ಮಾಳಿಗಿ ಮ್ಯಾಲಿಂದ ನಮ್ಮ ಕೂಲರ್ ಇಳಿತದ.
ಹಳೇ ಸೀರಿ ಸುತ್ತಿ, ಸುತಳಿ ಬಿಗಿದು
ಮಳಿಗಾಲ ಚಳಿಗಾಲ ಮಲಗಿಸಿಟ್ಟ ತಗಡಿನ ಡಬ್ಬಿ.
ಗಂಟು ಬಿಚ್ಚಿದ್ರ ಒಳಗ
ಎರಡು ಹಲ್ಲಿ ತತ್ತಿ,
ಹೋದ ವರ್ಷ ಕಳಕೊಂಡಿದ್ದ ಮಗಳ ಕ್ಲಿಪ್ಪು,
ಎಷ್ಟು ಸುತ್ತಿಟ್ಟರೂ ಹೊಕ್ಕೇ ಬಿಡೂ
ತೊಗರಿ ಮಿಲ್ಲಿನ ಹಳದಿ ಧೂಳು.

ಶಹಾಬಜಾರಿನ ಜಿಲಾನಿ ಹತ್ರ
ಮೂರೂವರೆ ಸಾವಿರಕ್ಕ ತಂದದ್ದು,
ಆಗಲೇ ಒಬ್ಬರ ಮನ್ಯಾಗ ದುಡಿದು ಬಂದಿತ್ತು.
"ವಾರಂಟಿ ಏನು?" ಅಂದೆ.
"ವಾರಂಟಿ ಕಂಪನಿಯವ್ರು ಕೊಡ್ತಾರ ಅಕ್ಕಾ.
ನಾ ಬರೇ ಮಾತು ಕೊಡ್ತೀನಿ,
ನೀವು ನಡಸ್ಬೇಕು."

ಟಾಕ್ಯಾಗ ನೀರಿಲ್ಲದ ಪಂಪ್ ಹಚ್ಚಬ್ಯಾಡ್ರಿ,
ಒಣಾ ಗಂಟಲದಾಗ ಯಾರು ಹಾಡ್ತಾರ?
ನಿಮ್ಮ ಬೋರಿಂದು ಸವಳು ನೀರು,
ಶನಿವಾರಕ್ಕೊಮ್ಮೆ ಎಲ್ಲಾ ಚೆಲ್ಲಿ
ಉಪ್ಪು ಕಚ್ಚಿದಲ್ಲಿ ಹುಣಸಿಹುಳಿ ತಿಕ್ರಿ.
ಕರೆಂಟ್ ಹೋಗಿ ಬಂದಕೂಡ್ಲೇ ಫ್ರಿಜ್ ಹಚ್ಚಬ್ಯಾಡ್ರಿ.
ಬಿಸಲಾಗ ಓಡಿ ಬಂದವರಿಗೆ
ಮದಲ ಕೂಡ್ರಿ ಅಂತೀರಿ, ಆಮ್ಯಾಲ ನೀರು ಕೊಡ್ತೀರಿ, ಇಲ್ಲೇನು?
ಫ್ರಿಜ್ಜು ನಾ ಮಾರಿದ್ದಲ್ಲ ಬಿಡ್ರಿ, ಅಂತ ತಾನೇ ನಕ್ಕ.
ನಕ್ಕೋತ ಇನ್ನೊಂದು ಅಂದ:
ಶೇಂಗಾ ಹಿಂಡಿ ಮಿಕ್ಸಿಗ್ಯಾಕ? ಒರಳು ಇನ್ನೂ ಸತ್ತಿಲ್ಲ.

"ರೊಕ್ಕಾನೂ ನಾವ ಕೊಟ್ಟು ಸೇವಾನೂ ನಾವ ಮಾಡ್ಬೇಕೇನು?"
ನಮ್ಮನಿಯವರ ಮಾತು ಇದು.
ಎದುರು ಮನಿ ಕಮಲಾಬಾಯಿ ಅಂಗಳದಾಗ
ಮೂರನೇ ಪ್ಲಾಸ್ಟಿಕ್ ಕೂಲರ್ ಇಳೀತು.
ಅದಕ್ಕ ರಿಮೋಟ್ ಅದ.
ಮದಲಿನ ಎರಡರಾಗ ಒಂದರ ಟಾಕಿ
ಈಗ ಅವರ ಎಮ್ಮಿಗೆ ಬಾನಿ.

ನಾಕನೇ ಬ್ಯಾಸಗ್ಯಾಗ ಮೋಟಾರ್ ಕಿರುಗುಡ್ತು.
ಜಿಲಾನಿ ಬಂದು ಬಿಚ್ಚಲಿಲ್ಲ, ಬೈಯಲಿಲ್ಲ.
ಸ್ಕ್ರೂಡ್ರೈವರಿನ ತುದಿ ಮೋಟಾರಿನ ಮೈಗೆ,
ಹಿಡಿಕಿ ಕಿವಿಗೆ ಇಟ್ಟು
ವಾಡಿ ಕಡಿಂದ ಬರೂ ರೈಲು ಕೇಳವ್ರಂಗ ಕಣ್ಣು ಮುಚ್ಚಿದ.
"ಬುಶ್ ಅಳ್ಳಿಕತ್ತದ. ನೀವೂ ಕೇಳ್ರಿ."
ಕೇಳಿದೆ. ಕಬ್ಬಿಣದ ಒಳಗ
ಯಾರೋ ಹಲ್ಲು ಕಡೀತಿದ್ರು.
ಹೊಲಿಗಿ ಮಷೀನಿನ ಎಣ್ಣಿ ಎರಡೇ ಹನಿ, ಸುಮ್ಮಾಯ್ತು.
"ನಿಮ್ಮಂಥವ್ರು ಓಣಿಗೆ ಹತ್ತು ಮಂದಿ ಇದ್ರ
ನನ್ನ ಅಂಗಡಿಗೆ ಬೀಗ" ಅಂದ,
ಅಂದು, ಆ ಸ್ಕ್ರೂಡ್ರೈವರ್ ಇಲ್ಲೇ ಬಿಟ್ಟು ಹೋದ.
ಮರೆತು ಬಿಟ್ಟನೋ ಏನೋ, ಕೇಳಿಲ್ಲ.

ಈ ವರ್ಷ ಎಲ್ಲಾ ನಾನೇ.
ಕೆಂಪು ಬಣ್ಣ ಬಳದೆ ತುಕ್ಕಿನ ಮ್ಯಾಲ,
ಹೊಸಾ ಹುಲ್ಲು ಜಾಳಗ್ಯಾಗ ತುಂಬಿ ತಂತಿ ಹೊಲದೆ,
ನೀರು ಬಿಟ್ಟ ಮದಲ ಗಾಳಿಗೆ
ಹಸೀ ಕಟ್ಟಿಗಿ ವಾಸನಿ.
ಕಿವಿ ಇಟ್ಟೆ. ಚೊಲೊ ಅದ.
ಕೈಯಾಗ ಸ್ಕ್ರೂಡ್ರೈವರ್ ಇದ್ದವರಿಗೆ ಸುಮ್ಮನಿರಾಕ ಆಗಂಗಿಲ್ಲ.
ಫ್ರಿಜ್ಜಿಗಿಟ್ಟೆ: ಮುದುಕಿ ಗೊರಕಿ.
ಗೋಡಿಗಿಟ್ಟೆ: ಪಕ್ಕದ ಮನಿ ಪಂಪಸೆಟ್ಟು.

ಮಿಲ್ಲಿನ ರಾತ್ರಿಪಾಳಿ ಮುಗಿಸಿ ಬಂದು
ಫರಸಿ ಮ್ಯಾಲ ಬೋರಲು ಮಲಗಿದ್ರು ಅವರು.
ತುದಿ ಚುಚ್ಚೀತು ಅಂತ ತಿರುವಿ
ಹಿಡಿಕಿ ಬೆನ್ನಿಗಿಟ್ಟೆ, ಕಿವಿ ಬಗ್ಗಿಸಿದೆ ಹತ್ರ.
ಪಾಳಿ ಮುಗಿದಿತ್ತು, ಆದ್ರ ಒಳಗ
ತೊಗರಿ ಒಡಿಯೂ ಮಿಲ್ಲು ಇನ್ನೂ ನಡದಿತ್ತು.

"ಏನ್ ಕೇಳ್ತದ?" ಅಂದ್ರು, ಕಣ್ಣು ಬಿಡಲಾರದೆ.
"ಧೂಳು."
"ಎಣ್ಣಿ ಹಾಕ್ತೀಯೇನು?"
"ಎಲ್ಲಿ ಹಾಕ್ಲಿ? ತೂತಿಲ್ಲ.
ಸೋಮವಾರ ದೊಡ್ಡ ದವಾಖಾನಿಗೆ ನಡೀರಿ.
ಮುಖಕ್ಕ ಬಟ್ಟಿ ಕಟಗೊಳ್ರಿ ಅಂತ
ಎಷ್ಟು ಬ್ಯಾಸಗಿ ಆತು ಹೇಳಾಕತ್ತಿ?"

ಹೂಂ ಅನಲಿಲ್ಲ, ಊಹೂಂ ಅನಲಿಲ್ಲ.

ಅವತ್ತು ಶನಿವಾರ.
ಸಂಜೀಕ ನಾ ಹಿಟ್ಟು ಹಾಕಿಸಿ ಬರೂದ್ರಾಗ
ಟಾಕಿ ಬರಿದಾಗಿತ್ತು, ಅಂಗಳದ ತುಂಬ ಮಂಜಾದ ನೀರು.
ಮೊಣಕಾಲ ಮಟ ಧೋತ್ರ ಎತ್ತಿ ಕಟ್ಟಿ
ಹುಣಸಿಹಣ್ಣು ಮುಷ್ಟ್ಯಾಗ ಹಿಡದು ತಿಕ್ಕೋತ ಕುಂತಿದ್ರು.
"ಬಿಡವಲ್ದು ನೋಡು ಇದು."
"ಬಿಡ್ತದ" ಅಂದೆ, "ಜರಾ ನೆನೀಲಿ."